ನೀವು ಹರದೇಶಿಯವರೋ, ನಾಗೇಶಿಯವರೋ?

ಜಾತ್ರೆಯಲ್ಲಿ ಎರಡು ಮೇಳ ಜಿದ್ದಿಗೆ ಬಿದ್ದು ಹಾಡುವ ಗೀಗೀ ಪದದ ಹಳೆಯ ಕ್ಯಾಸೆಟ್ ಕೂಡಿಸುತ್ತೇನೆ ಅಂತ ಗೊತ್ತಾದ ಕೂಡಲೇ ನಮ್ಮ ಕಡೆ ಜನ ಕೇಳೋದು ಒಂದೇ ಪ್ರಶ್ನೆ. "ಏನ್ರಿ ಅಕ್ಕಾರ, ನಿಮ್ಮದು ಹರದೇಶಿನೋ, ನಾಗೇಶಿನೋ?" ಬಾಗಲಕೋಟೆ ನವನಗರದ ಸಂತೆಯಲ್ಲಿ ಕೇಳಿದ್ದಾರೆ. ಬಸ್ಸಿನಲ್ಲಿ ಕೇಳಿದ್ದಾರೆ. ಹೆಂಗಸಾದ್ದರಿಂದ ನಾಗೇಶಿಯೇ ಇರಬೇಕು ಅಂತ ಅವರೇ ಉತ್ತರ ಹೇಳಿಕೊಂಡು ಹೋದದ್ದೂ ಉಂಟು.

ಈ ಹಾಡಿನ ರುಚಿ ಹತ್ತದವರಿಗಾಗಿ ಎರಡು ಮಾತು. ಹರದೇಶಿ ಮೇಳ ಶಿವ ದೊಡ್ಡವ, ಗಂಡು ಹೆಚ್ಚು ಅಂತ ಹಾಡುತ್ತದೆ. ನಾಗೇಶಿ ಮೇಳ ಶಕ್ತಿ ದೊಡ್ಡಾಕಿ, ಹೆಣ್ಣು ಹೆಚ್ಚು ಅಂತ ಹಾಡುತ್ತದೆ. ಈ ಜಿದ್ದನ್ನು ಕಲ್ಗಿ-ತುರಾಯಿ ಅಂತಲೂ ಕರೆಯುತ್ತಾರೆ. ಕೈಯಲ್ಲಿ ಡಪ್ಪು, ತುಂತುಣಿ, ತಾಳ. ಹಿಂದೆ ನಿಂತವರು "ಗೀಯ ಗೀಯ ಗಾಗೀಯ ಗೀಯ" ಅಂತ ಎತ್ತಿಕೊಳ್ಳುತ್ತಾರೆ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಜವಾಬು ಕೊಡಬೇಕು. ಬೀಜ ಮೊದಲೋ, ನೆಲ ಮೊದಲೋ? ಹೆಣ್ಣಿಲ್ಲದೆ ಶಿವ ಯಾರ ಮನೆಯ ಅಳಿಯ? ಹೀಗೆ ಬೆಳಗಿನತನಕ ನಡೆಯುತ್ತದೆ. ಪದ ಕಟ್ಟುವವರು ಪುರಾಣವನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡಿರಬೇಕು, ಇಲ್ಲವೆಂದರೆ ನಡುರಾತ್ರಿ ಸಿಕ್ಕಿಬೀಳುತ್ತಾರೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರು ಹುಟ್ಟಿದ್ದು ಇಂಥ ಮಣ್ಣಿನಲ್ಲೇ.

ನಾನು ಬೆಳೆದದ್ದು ಹರದೇಶಿ ಮನೆಯಲ್ಲಿ. ನಮ್ಮ ಅಜ್ಜನಿಗೆ ಬೀಳಗಿ ಕಡೆಯ ಒಬ್ಬ ಪದಕಾರ ಅಂದರೆ ಪ್ರಾಣ. ಆತ ಎಲ್ಲಿ ಹಾಡಿದರೂ ಅಜ್ಜ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ. ಆತನ ಎದುರು ಯಾವಾಗಲೂ ಒಬ್ಬ ನಾಗೇಶಿ ಹೆಣ್ಣುಮಗಳು. ತಾನೇ ಪದ ಕಟ್ಟುವಾಕಿ. ಅಜ್ಜನ ಮನೆಯಲ್ಲಿ ಆಕೆಯ ಹೆಸರು ಎತ್ತುವ ಹಾಗಿರಲಿಲ್ಲ. ನಾನು ಮಾತ್ರ ಆಕೆಯ ದನಿಗೆ ಸೋತಿದ್ದೆ. ಸ್ವಲ್ಪ ಒಡೆದ ದನಿ, ಮೇಲೆ ಹೋದರೆ ಇನ್ನೂ ಒಡೆಯುತ್ತಿತ್ತು. ಆದರೂ ಇಳಿಸುತ್ತಿರಲಿಲ್ಲ. ಇಬ್ಬರೂ ನನ್ನವರೇ ಅಂತ ಮನೆಯಲ್ಲಿ ಹೇಳುವ ಧೈರ್ಯ ನನಗೆ ಆಗ ಇರಲಿಲ್ಲ. (ಇಬ್ಬರ ಹೆಸರನ್ನೂ ಇಲ್ಲಿ ಬರೆದಿಲ್ಲ. ಮನೆಯವರು ಸದ್ಯಕ್ಕೆ ಬೇಡ ಅಂದಿದ್ದಾರೆ.)

ಸೋದರಮಾವ ತೀರಿಕೊಂಡ ಮೇಲೆ ಅತ್ತಿ ಒಂದು ಟ್ರಂಕು ಕೊಟ್ಟರು. ಮಾವ ಯಾವ ಜಾತ್ರೆಗೆ ಹೋದರೂ ಟೇಪ್ ರೆಕಾರ್ಡರ್ ಬಗಲಲ್ಲಿ ಇಟ್ಟುಕೊಂಡು ಹೋಗುವವನು. ನಲವತ್ತಕ್ಕೂ ಜಾಸ್ತಿ ಕ್ಯಾಸೆಟ್. ಒಂದರ ಮೇಲೆ ನೀಲಿ ಪೆನ್ನಿನಲ್ಲಿ "1997, ಕಡೇ ಜಾತ್ರಿ" ಅಂತ ಇತ್ತು. ಬೂಸ್ಟು ಹಿಡಿದಿತ್ತು. ಟೇಪನ್ನು ಹಿಂದಿನಿಂದ ಒತ್ತಿ ಹಿಡಿಯುವ ಸಣ್ಣ ಸ್ಪಂಜು ಉದುರಿಹೋಗಿತ್ತು. ಬೇರೆ ಕ್ಯಾಸೆಟ್ ಬಿಚ್ಚಿ, ಅದರ ಸ್ಪಂಜು ತೆಗೆದು ಇದಕ್ಕೆ ಅಂಟಿಸಿದೆ. ಪೆನ್ಸಿಲ್ ತೂರಿಸಿ ಎರಡು ಸಲ ಪೂರ್ತಿ ಸುತ್ತಿದೆ. ಆಮೇಲೆ ಹಚ್ಚಿದೆ.

ಕಡೇ ಜಾತ್ರಿ ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹೋಗಲಿದ್ದ ಊರು ಅದು. 1964ರಲ್ಲಿ ಅಡಿಗಲ್ಲು ಬಿದ್ದ ಆಣೆಕಟ್ಟು ಮೇಲೇರುತ್ತಾ ಏರುತ್ತಾ ಊರೂರು ಖಾಲಿ ಮಾಡಿಸಿತು. ಹಳೆ ಬಾಗಲಕೋಟೆಯ ಓಣಿಗಳೂ ಹೋದವು. ನೀರು ನಿಲ್ಲುವ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವ ಮಾತು ಇನ್ನೂ ಇದೆ. ಹಾಗಾಗಿ ನಮ್ಮಲ್ಲಿ ಓದು ಬರಹ ಬರದ ಮುದುಕರಿಗೂ ಐನೂರಾ ಹತ್ತೊಂಬತ್ತು, ಐನೂರಾ ಇಪ್ಪತ್ತನಾಲ್ಕು ಅನ್ನುವ ಎರಡು ಲೆಕ್ಕ ಬಾಯಿಪಾಠ. ಆ ಊರಿನ ಜನ ಮುಂದೆ ಪುನರ್ವಸತಿ ಕೇಂದ್ರಕ್ಕೆ ಹೋದರು.

ಕ್ಯಾಸೆಟ್ಟಿನ ಮೊದಲ ಮಗ್ಗುಲಲ್ಲಿ ಅಜ್ಜನ ಆ ಪದಕಾರ, ಆ ನಾಗೇಶಿ ಹೆಣ್ಣುಮಗಳು, ಇಬ್ಬರ ಎಂದಿನ ಜಿದ್ದು. ಆತ ಸವಾಲು ಹಾಕುತ್ತಾನೆ, ಆಕೆ ಅದೇ ಧಾಟಿಯಲ್ಲಿ ತಿರುಗಿಸಿ ಕೊಡುತ್ತಾಳೆ. ಜನ ಕೇಕೆ ಹಾಕುತ್ತಾರೆ. ಖುಷಿಯಾದವರು ಹತ್ತು ರೂಪಾಯಿ ಕೊಟ್ಟು ತಮ್ಮ ಹೆಸರು ಕೂಗಿಸುತ್ತಾರೆ. ಎರಡನೇ ಮಗ್ಗುಲು ಹಚ್ಚಿದೆ. ಮೊದಲು ಬರೀ ಗದ್ದಲ, ಯಾವುದೋ ಕೂಸಿನ ಕೆಮ್ಮು. ಆಮೇಲೆ ಡಪ್ಪು ಇಲ್ಲದೆ, ತುಂತುಣಿಯ ಒಂದೇ ತಂತಿ ಮಿಡಿಯಿತು. ಆತ ಶುರು ಮಾಡಿದ:

"ಹೊಳಿ ಬಂತವ್ವ ಹೊಸ್ತಿಲ ತನಕ"

ಸವಾಲು ಅಂದುಕೊಂಡೆ. ಆಕೆ ಹೇಗೆ ಜವಾಬು ಕೊಡುತ್ತಾಳೆ ಅಂತ ಕಾದೆ. ಆಕೆ ಜವಾಬು ಕೊಡಲಿಲ್ಲ. ಅದೇ ಪದವನ್ನು ಮುಂದುವರಿಸಿದಳು:

"ಹೊಸ್ತಿಲ ಹೊತಗೊಂಡ ಹೋಗಲಿ ಎಲ್ಲಿ ತನಕ"

ನಾನು ಟೇಪ್ ನಿಲ್ಲಿಸಿದೆ. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. ಹರದೇಶಿ, ನಾಗೇಶಿ ಇಬ್ಬರೂ ಒಂದೇ ಪದಕ್ಕೆ ದನಿ ಕೂಡಿಸಿ ಹಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಆ ಪದದಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅನ್ನುವ ಮಾತೇ ಇಲ್ಲ. ನೆಲದೊಳಗಿನ ಹಗೇವಿನಲ್ಲಿ ಉಳಿದ ಜೋಳ ಇದೆ, ಬಾಣಂತನ ಮಾಡಿಸಿಕೊಂಡ ಕೋಣೆ ಇದೆ, ಗುಡಿಯ ಮುಂದಿನ ಬೇವಿನ ಮರ ಇದೆ. ಹೊಸ್ತಿಲ ಮಾತಂತೂ ನನಗೆ ನೇರ ತಾಗಿತು. ನಮ್ಮ ಓಣಿಯ ಎಷ್ಟೋ ಮನೆಯವರು ಹಳೆ ಮನೆಯ ತೊಲೆ, ಬಾಗಿಲ ಚೌಕಟ್ಟು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದವರೇ. ಆ ಬಾಗಿಲುಗಳು ಇವತ್ತಿಗೂ ಹೊಸ ಮನೆಯ ಗೋಡೆಗೆ ಸರಿಯಾಗಿ ಕೂತಿಲ್ಲ.

ಇಬ್ಬರ ದನಿ ಹೊಂದುವುದಿಲ್ಲ. ಆತನದು ಕೆಳಗೆ, ಗಟ್ಟಿ. ಆಕೆಯದು ಮೇಲೆ, ಒಡೆದದ್ದು. ಎರಡು ಕಡೆ ಆಕೆ ಮೊದಲೇ ಹೋಗಿಬಿಡುತ್ತಾಳೆ, ಆತ ಆಮೇಲೆ ಬರುತ್ತಾನೆ. ತಾಲೀಮು ಮಾಡಿ ಹಾಡಿದ್ದಲ್ಲ ಅಂತ ಅದರಿಂದಲೇ ಗೊತ್ತಾಗುತ್ತದೆ. ನನಗೆ ಅದೇ ಇಷ್ಟ. ತಿದ್ದಿ ತೀಡಿದ ಯುಗಳ ಗೀತೆ ನೂರು ಸಿಗುತ್ತವೆ.

ಪದದ ಕೊನೆಗೆ ಅಂಕಿತ ಬರಬೇಕಲ್ವಾ, ಕಟ್ಟಿದವರು ತಮ್ಮ ಊರು, ಗುರು, ಹೆಸರು ಹೇಳಬೇಕು. ಇದರಲ್ಲಿ ಮೊದಲು ಆತ ಹೇಳಿದ. ಹೇಳಿದ್ದು ತನ್ನ ಹೆಸರಲ್ಲ, ಆಕೆಯದು. ಆಮೇಲೆ ಆಕೆ ಆತನ ಗುರುವಿನ ಹೆಸರು ಹಿಡಿದು, ಆತನ ಹೆಸರು ಹೇಳಿದಳು. ಇಪ್ಪತ್ತು ವರ್ಷ ಒಬ್ಬರನ್ನೊಬ್ಬರು ಸೋಲಿಸಲು ಹಾಡಿದವರು! ಜನ ಕೇಕೆ ಹಾಕಲಿಲ್ಲ. ಯಾರೋ ಒಬ್ಬರು ಹತ್ತಿರದಿಂದ, ಮಾವನೇ ಇರಬೇಕು, "ಇನ್ನೊಮ್ಮೆ ಹಾಡ್ರಿ" ಅಂದರು. ಅಲ್ಲಿಗೆ ಟೇಪ್ ಮುಗಿಯಿತು.

ಹಾಗಾಗಿ ಕೇಳಿದವರಿಗೆಲ್ಲ ನಾನು ಈಗ ಹೇಳೋದು ಇಷ್ಟೇ: ನಾನು ಆ ಕ್ಯಾಸೆಟ್ಟಿನ ಎರಡನೇ ಮಗ್ಗುಲಿನಾಕಿ.

ಆತ ಈಗಿಲ್ಲ. ಆ ನಾಗೇಶಿ ಆಯಿ ಇದ್ದಾಳೆ, ಎಂಬತ್ತು ದಾಟಿದೆ. ಹೋದ ಶ್ರಾವಣದಲ್ಲಿ ಮೊಬೈಲಿಗೆ ಹಾಕಿಕೊಂಡು ಹೋಗಿ ಕೇಳಿಸಿದೆ. ಮಂಚದ ಅಂಚಿನ ಮೇಲೆ ಬೆರಳು ಬಡಿಯುತ್ತಾ ಪೂರ್ತಿ ಕೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಸ್ವಲ್ಪ ಹೊತ್ತು ಸುಮ್ನೆ ಕೂತು, ಆಮೇಲೆ ಕೇಳಿದಳು: "ಇನ್ನೊಂದು ಮಗ್ಗಲ ಐತೇನವಾ? ಅದನ್ನ ಹಚ್ಚು. ಅವನ ಸವಾಲಿಗೆ ನಾ ಏನ ಜವಾಬು ಕೊಟ್ಟೇನಿ, ಕೇಳೂಣು."