94ಕ್ಕೇ ನಿಂತ ಸ್ಪೀಡ್

ಡೊಂಬಿವಲಿಯ ಪಕ್ಕದ್ಮನೆ ಅಕ್ಕ ಇವತ್ತು ಕೇಳಿದ್ರು: 300 ಎಂಬಿಪಿಎಸ್ ಪ್ಲಾನ್, ಲ್ಯಾನ್ ಕೇಬಲ್ ಹಾಕಿದ್ರೂ 94 ದಾಟಲ್ಲ, ಯಾಕೆ?

ಕೇಬಲ್ ಚುಚ್ಚೋ ಪೋರ್ಟೇ 100 ಎಂಬಿಪಿಎಸ್‌ದ್ದಾಗಿದ್ರೆ ಬೇರೆ ಮಾತು. ಇಲ್ಲಾಂದ್ರೆ ಮೊದಲ ಅನುಮಾನ ಕೇಬಲ್ ಮೇಲೆ.

ಒಳಗೆ 8 ತಂತಿ. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು. 100ಕ್ಕೆ 1, 2, 3, 6ನೇ ಪಿನ್ ಸಾಕು. ಉಳಿದವುಗಳಲ್ಲಿ ನೀಲಿಯೋ ಕಂದೋ ಒಂದು ತಂತಿ ಕಡಿದ್ರೆ ಸಾಮಾನ್ಯವಾಗಿ ನೆಟ್ ನಿಲ್ಲಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತೆ, ಟೆಸ್ಟಲ್ಲಿ 94ರಷ್ಟು ಕಾಣುತ್ತೆ. ಅರ್ಧ ಕೆಟ್ಟಿದ್ದು ಬೇಗ ಕಾಣೋದೇ ಇಲ್ಲ ನೋಡಿ. ಜನ ಪಾಪ ರೂಟರ್ ಬದಲಿಸ್ತಾರೆ.

ಕಿಟಕಿ ಸಂದಿಯಲ್ಲಿ ಕೇಬಲ್ ನಜ್ಜಾಗಿದೆಯಾ ನೋಡಿ. ಬೇರೆ ಕೇಬಲ್ ಹಾಕಿ ಪರೀಕ್ಷಿಸಿ. ತುದಿ ಹೋಗಿದ್ರೆ ಕತ್ತರಿಸಿ ಹೊಸ ಆರ್‌ಜೆ45 (ಕೇಬಲ್ ತುದಿಯ ಪ್ಲಗ್) ಕ್ರಿಂಪ್ ಮಾಡಿ, ಅಂದ್ರೆ ಒತ್ತಿ ಕೂರಿಸಿ. ತಂತಿಗಳ ಕ್ರಮ, 1ನೇ ಪಿನ್‌ನಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇನ್ನೊಂದು ತುದಿಯಲ್ಲೂ ಇದೇ ಕ್ರಮ ಇರಬೇಕು.