ಕಪ್ ಕೊಟ್ರಾ ಅಂದ್ರು ಅಪ್ಪ

2021ರ ಅಕ್ಟೋಬರ್ 3, ಭಾನುವಾರ. ಕ್ಯಾಲಿಫೋರ್ನಿಯಾದ ಸನ್ನಿವೇಲಿನ ನಮ್ಮ ಮನೆಯಲ್ಲಿ ಬೆಳಗಿನ ಜಾವ ಮೂರಕ್ಕೆ ಅಲಾರಂ ಹೊಡೆಯಿತು. ಶಾರ್ಜಾದಲ್ಲಿ ಆರ್‌ಸಿಬಿಗೂ ಪಂಜಾಬಿಗೂ ಮ್ಯಾಚ್. ಊರಲ್ಲಿ ಆಗ ಮಧ್ಯಾಹ್ನ ಮೂರೂವರೆ. ಮೈಸೂರಲ್ಲಿ ಅಪ್ಪ ಕಾಫಿ ಲೋಟ ಹಿಡಿದು ಟೀವಿ ಮುಂದೆ, ಇಲ್ಲಿ ನಾನು ಕಂಬಳಿ ಹೊದ್ದು ಲ್ಯಾಪ್‌ಟಾಪ್ ಮುಂದೆ, ನಡುವೆ ವಾಟ್ಸಾಪ್ ಕರೆ. ನನ್ನ ಕಡೆ ಚಿತ್ರ ಅರ್ಧ ನಿಮಿಷ ತಡ. ಹಾಗಾಗಿ ಬೌಲರ್ ಓಡಿ ಬರುವ ಮೊದಲೇ ಅಪ್ಪನ "ಹೋಯ್ತು!" ಕೇಳಿಸಿಬಿಡುತ್ತಿತ್ತು. ಪಂಜಾಬಿನ ಓಪನರುಗಳು ರಾಹುಲ್ ಮತ್ತು ಮಯಾಂಕ್, ಇಬ್ಬರೂ ನಮ್ಮ ಕರ್ನಾಟಕದ ಹುಡುಗರೇ. "ಹೊಡೀಲಿ ಪಾಪ, ಆದ್ರೆ ಗೆಲ್ಲಬಾರದು" ಅಂತ ಅಪ್ಪನ ಸಂಕಟ. ಕೊನೆಗೆ ಆರು ರನ್ನಿಂದ ನಾವೇ ಗೆದ್ದು ಪ್ಲೇಆಫ್ ಸೇರಿದೆವು. ಅಪ್ಪ "ಸರಿ ಬಿಡು" ಅಂದು ಫೋನಿಟ್ಟರು. "ಈ ಸಲ ಕಪ್ ನಮ್ದೆ" ಅನ್ನಲಿಲ್ಲ. ಹದಿಮೂರು ಸೀಸನ್ ಹೇಳಿ ಹೇಳಿ ಅವರಿಗೂ ಸಾಕಾಗಿತ್ತು.

ಆ ಹೊತ್ತಿಗೆ ಎದ್ದುಬಂದ ಹೆಂಡತಿ, "ರಾತ್ರಿಯೆಲ್ಲ ಒಂದು ಆಟ, ಹಗಲೆಲ್ಲ ಇನ್ನೊಂದಾ?" ಅಂತ ಕೇಳುತ್ತಲೇ ಪುಳಿಯೋಗರೆ ಡಬ್ಬಿಗೆ ತುಂಬಿಕೊಟ್ಟಳು. ಹತ್ತು ವರ್ಷದ ಮಗ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದ. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಅವನ ತಂಡ. ನನಗೆ ಬೇಸ್‌ಬಾಲ್ ಹಿಡಿಸಿದವನೂ ಅವನೇ.

ಅವತ್ತಿನ ಜೈಂಟ್ಸ್ ಪಂದ್ಯದ ಟಿಕೆಟ್ ತೆಗೆದದ್ದು ತಿಂಗಳ ಹಿಂದೆ. ಸೀಸನ್ನಿನ ಕೊನೇ ದಿನ, ಅಷ್ಟರಲ್ಲಿ ಎಲ್ಲ ತೀರ್ಮಾನವಾಗಿರುತ್ತೆ, ನೆಮ್ಮದಿಯಾಗಿ ಬಿಸಿಲು ಕಾಯಿಸಿಕೊಂಡು ಬರೋಣ ಅನ್ನೋ ಲೆಕ್ಕ. ಲೆಕ್ಕ ತಪ್ಪಿತು. ಆರು ತಿಂಗಳಲ್ಲಿ 161 ಪಂದ್ಯ ಮುಗಿದಿದ್ದವು. ಜೈಂಟ್ಸ್ 106 ಗೆದ್ದಿತ್ತು, ಲಾಸ್ ಏಂಜಲೀಸ್ ಡಾಡ್ಜರ್ಸ್ 105. ಎರಡೂ ತಂಡ ಆಡುವ ಪಶ್ಚಿಮ ವಿಭಾಗವನ್ನು ಎಂಟು ವರ್ಷ ಸತತವಾಗಿ ಗೆದ್ದುಕೊಂಡು ಬಂದ ಡಾಡ್ಜರ್ಸ್ ಬೆನ್ನು ಬಿಡುವ ಜಾತಿಯಲ್ಲ. ಶನಿವಾರವೇ ಮುಗಿಸಬಹುದಾಗಿದ್ದ ಜೈಂಟ್ಸ್ ಹೆಚ್ಚುವರಿ ಇನ್ನಿಂಗ್ಸ್‌ನಲ್ಲಿ ಸೋತು, ಎಲ್ಲವನ್ನೂ ನಮ್ಮ ಟಿಕೆಟ್ಟಿನ ದಿನಕ್ಕೆ ತಳ್ಳಿತ್ತು. ಮಗ ಶನಿವಾರ ಸಂಜೆ ಅತ್ತ. ನಾನು ಒಳಗೊಳಗೇ ಖುಷಿಪಟ್ಟೆ, ಈಗ ಹೇಳಿದರೆ ತಪ್ಪಿಲ್ಲ.

ವಿಭಾಗ ಗೆಲ್ಲುವುದಕ್ಕೆ ಅಷ್ಟೊಂದು ಬೆಲೆ ಯಾಕೆ? ಆ ವರ್ಷದ ನಿಯಮದಲ್ಲಿ, ಗೆದ್ದವರು ನೇರ ಐದು ಪಂದ್ಯಗಳ ಸರಣಿಗೆ ಹೋಗುತ್ತಿದ್ದರು. ಎರಡನೆಯವರು ಒಂದೇ ಒಂದು ಪಂದ್ಯದಲ್ಲಿ ಉಳಿಯಬೇಕಿತ್ತು, ಇಲ್ಲವೇ ಮನೆಗೆ. ನೂರಕ್ಕೂ ಮೀರಿ ಪಂದ್ಯ ಗೆದ್ದವರನ್ನು ಒಂದು ಸಂಜೆಯ ಆಟದಲ್ಲಿ ತೂಗುವುದು ನನಗೆ ಕ್ರೂರ ಅನ್ನಿಸುತ್ತೆ. ಐಪಿಎಲ್ ಎಲಿಮಿನೇಟರ್ ನೋಡಿ ಬೆಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಲ್‌ಟ್ರೇನ್ ರೈಲಿನ ಡಬ್ಬಿ ತುಂಬ ಜೈಂಟ್ಸ್ ಬಣ್ಣ, ಕಿತ್ತಳೆ, ಕಪ್ಪು. ಸ್ಟೇಷನ್ನಿನಿಂದ ಜನರ ಹಿಂದೆ ನಡೆದರೆ ಸಾಕು, ದಾರಿ ಕೇಳುವುದೇ ಬೇಡ, ಜೈಂಟ್ಸ್ ಮೈದಾನ ಒರಾಕಲ್ ಪಾರ್ಕ್ ಬಂದುಬಿಡುತ್ತೆ. ನಮ್ಮದು ಮೇಲಿನ ಅಂತಸ್ತು. ಅಲ್ಲಿಂದ ಬಲಗಡೆ ಗೋಡೆಯಾಚೆ ಕೊಲ್ಲಿಯ ನೀರು, ಅದರಲ್ಲಿ ಹೋಮ್ ರನ್ (ಬೇಸ್‌ಬಾಲಿನ ಸಿಕ್ಸರ್) ಚೆಂಡಿಗಾಗಿ ಕಾಯುವ ಪುಟ್ಟ ದೋಣಿಗಳು. ಈ ಊರಿಗೆ ಬೇಸಿಗೆ ಬರುವುದೇ ಅಕ್ಟೋಬರಿಗೆ ಅನ್ನುವ ಮಾತಿದೆ. ಬೆಳ್ಳುಳ್ಳಿ ಹಾಕಿದ ಫ್ರೈಸ್ ವಾಸನೆ ನಮ್ಮ ಪುಳಿಯೋಗರೆಯ ಇಂಗಿನೊಂದಿಗೆ ಜಗಳಕ್ಕಿಳಿದಿತ್ತು.

ಪಕ್ಕದ ಸೀಟಿನಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು. ತೊಡೆಯ ಮೇಲೆ ಸ್ಕೋರ್ ಪುಸ್ತಕ, ಕೈಯಲ್ಲಿ ಪೆನ್ಸಿಲ್. ಪ್ರತಿ ಎಸೆತದ ನಂತರ ಚೌಕದೊಳಗೆ ಏನೋ ಗುರುತು. ನಮ್ಮೂರಲ್ಲಿ ರೇಡಿಯೋ ಕಾಮೆಂಟರಿ ಕೇಳುತ್ತ ಹಳೇ ಡೈರಿಯಲ್ಲಿ ಸ್ಕೋರ್ ಬರೆಯುತ್ತಿದ್ದ ಚಿಕ್ಕಪ್ಪ ನೆನಪಾದರು. ಮಗ ಇಣುಕಿ ಇಣುಕಿ ನೋಡುತ್ತಿದ್ದವನು ಒಂಬತ್ತರಲ್ಲಿ ಎರಡನೇ ಇನ್ನಿಂಗ್ಸ್ ಹೊತ್ತಿಗೆ ಆಕೆಯ ಶಿಷ್ಯನಾಗಿದ್ದ.

ಎದುರಾಳಿ ಸ್ಯಾನ್ ಡಿಯಾಗೋ ಪ್ಯಾಡ್ರೇಸ್. ನಮ್ಮ ಪಿಚರ್, ಅಂದರೆ ಚೆಂಡು ಎಸೆಯುವವನು, ಲೋಗನ್ ವೆಬ್, ವಯಸ್ಸು 24, ಇದೇ ಕ್ಯಾಲಿಫೋರ್ನಿಯಾದ ರಾಕ್ಲಿನ್ ಅನ್ನೋ ಊರಿನವನು. ಏಳು ಇನ್ನಿಂಗ್ಸ್ ಅವನೇ ಎಳೆದ. ಆದರೆ ಆ ದಿನ ನನಗೆ ಉಳಿದಿರುವುದು ಅವನ ಎಸೆತವಲ್ಲ, ಬ್ಯಾಟಿಂಗ್. ಆಗಿನ್ನೂ ಜೈಂಟ್ಸ್ ಆಡುವ ನ್ಯಾಷನಲ್ ಲೀಗಿನಲ್ಲಿ ಪಿಚರುಗಳೂ ಬ್ಯಾಟ್ ಹಿಡಿಯಬೇಕಿತ್ತು. ಮರುವರ್ಷ ಆ ನಿಯಮ ಹೋಯಿತು. ಪಿಚರ್ ಬ್ಯಾಟಿಂಗಿಗೆ ಬಂದರೆ ಜನ ಬಾತ್‌ರೂಮಿಗೆ ಏಳುತ್ತಿದ್ದರು, ನಮ್ಮಲ್ಲಿ ಹನ್ನೊಂದನೆಯವ ಬಂದ ಹಾಗೆ. ನಾನೂ ಅರ್ಧ ಎದ್ದಿದ್ದೆ. ಟಕ್ ಅನ್ನುವ ಸದ್ದು. ಚೆಂಡು ಬೇಲಿ ದಾಟಿ ಹೋಯಿತು. ಅವನ ಮೊದಲ ಹೋಮ್ ರನ್, ಅದೂ ಇಂಥ ದಿನ! ಬ್ಯಾಟಿಂಗ್ ಬಾರದ ನಮ್ಮ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಬ್ಯಾಟ್ ಬೀಸಿ ಸಿಕ್ಸರ್ ಎತ್ತಿದ್ದರೆ ಅಪ್ಪ ಹೇಗೆ ಕೂಗುತ್ತಿದ್ದರೋ ಹಾಗೆ ಕೂಗಿದೆ. ಮಗ ನನ್ನ ಹೆಗಲ ಮೇಲಿದ್ದ, ಹೇಗೆ ಹತ್ತಿದನೋ ಗೊತ್ತಿಲ್ಲ.

ಆಕೆ ಮಾತ್ರ ಕೂತೇ ಇದ್ದರು. ಗುರುತು ಹಾಕಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿ, "ಇನ್ನೂ ಮುಗಿದಿಲ್ಲ" ಅಂದರು. ದೊಡ್ಡ ಅಂತರದಿಂದ ಮುಂದಿದ್ದೇವಲ್ಲ ಅಂದೆ. ಆಗ 1993ರ ಕಥೆ ಹೇಳಿದರು. ಆ ವರ್ಷವೂ ಕೊನೇ ದಿನ ಅಕ್ಟೋಬರ್ 3, ಭಾನುವಾರವೇ. ಜೈಂಟ್ಸ್ ಮತ್ತು ಅಟ್ಲಾಂಟಾ ತಲಾ 103 ಗೆದ್ದು ಸಮಸಮ. (ಅಟ್ಲಾಂಟಾ ಆಗ ಪಶ್ಚಿಮ ವಿಭಾಗದಲ್ಲಿತ್ತು! ಭೂಪಟ ತೆಗೆದು ನೋಡಿ, ನಗು ಬರುತ್ತೆ.) ಅಟ್ಲಾಂಟಾ ಗೆದ್ದಿತು. ಜೈಂಟ್ಸ್ ಡಾಡ್ಜರ್ಸ್ ಕೈಯಲ್ಲಿ 12-1ರಿಂದ ಸೋತಿತು. ಎರಡನೆಯವರಿಗೆ ಮುಂದಿನ ಸುತ್ತೇ ಇಲ್ಲದ ಕಾಲ. 103 ಗೆದ್ದವರು ಗಂಟುಮೂಟೆ ಕಟ್ಟಿದರು. "ಅವತ್ತು ಟೀವಿ ಆರಿಸಿದವಳು ಚಳಿಗಾಲ ಮುಗಿಯೋವರೆಗೂ ಪತ್ರಿಕೆಯ ಆಟದ ಪುಟ ತೆಗೀಲಿಲ್ಲ" ಅಂದರು. ಆಮೇಲೆ ನಾನೂ ಕೂತೆ.

ಡಾಡ್ಜರ್ಸ್ ಅತ್ತ ತಮ್ಮ ಪಂದ್ಯ ಗೆಲ್ಲುತ್ತಲೇ ಇತ್ತು. ನಾವು ಸೋತಿದ್ದರೆ 106-106, ಮರುದಿನ ಇನ್ನೊಂದು ಪಂದ್ಯ. ಒಂಬತ್ತನೇ ಇನ್ನಿಂಗ್ಸಿಗೆ ಮೈದಾನವಿಡೀ "ಬೀಟ್ ಎಲ್ಎ" (ಲಾಸ್ ಏಂಜಲೀಸನ್ನು ಸೋಲಿಸಿ) ಅಂತ ಕೂಗುತ್ತಿತ್ತು, ಎದುರಿಗಿದ್ದವರು ಎಲ್ಎಯವರೇ ಅಲ್ಲದಿದ್ದರೂ. ಕೊನೇ ಔಟ್. 11-4. ನೂರಾ ಏಳನೇ ಗೆಲುವು. ತಂಡ ನ್ಯೂಯಾರ್ಕಿನಲ್ಲಿದ್ದಾಗ, 1904ರಲ್ಲಿ, ಬರೆದಿದ್ದ 106ರ ದಾಖಲೆ ಅಲ್ಲಿಗೆ ಮುರಿಯಿತು. ಕೆಳಗೆ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಬಸ್ಟರ್ ಪೋಸಿ ಒಬ್ಬೊಬ್ಬರನ್ನೇ ತಬ್ಬಿಕೊಳ್ಳುತ್ತಿದ್ದ. ಒಂದು ತಿಂಗಳಲ್ಲಿ ಆತ ನಿವೃತ್ತಿ ಹೇಳುತ್ತಾನೆಂದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಆಕೆ ಪುಟದ ಕೊನೇ ಚೌಕ ತುಂಬಿದರು, ಹಾಳೆ ಕಿತ್ತರು, ಮಗನ ಕೈಗಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕವನ್ನಲ್ಲ.

ಮುಂದಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಅಕ್ಟೋಬರ್ 11ಕ್ಕೆ ಆರ್‌ಸಿಬಿ ಎಲಿಮಿನೇಟರಿನಲ್ಲಿ ಕೋಲ್ಕತ್ತಾಗೆ ಸೋತಿತು. 14ಕ್ಕೆ ಜೈಂಟ್ಸ್, ಅದೇ ಮೈದಾನದಲ್ಲಿ, ಅದೇ ಡಾಡ್ಜರ್ಸ್‌ಗೆ, 2-1ರಿಂದ. ಮೂರು ದಿನದೊಳಗೆ ಎರಡೂ ತಂಡ ಮನೆಗೆ.

ಆದರೆ ಆ ಭಾನುವಾರ ಸಂಜೆ ರೈಲಿನಲ್ಲಿ ಅದ್ಯಾವುದೂ ಇರಲಿಲ್ಲ. ಮಗ ಸ್ಕೋರ್ ಹಾಳೆಯನ್ನು ಪುಳಿಯೋಗರೆ ಡಬ್ಬಿಗೆ ತಾಗದಂತೆ ಹಿಡಿದು ನಿದ್ದೆ ಹೋಗಿದ್ದ. ನಾಲ್ಕೂವರೆಗೆ ಫೋನ್. ಅಪ್ಪ ಎದ್ದು ಹಾಲು ತರಲು ಹೊರಟಿದ್ದರು.

"ಏನಾಯ್ತೋ ನಿಮ್ಮ ದೊಣ್ಣೆ ಆಟ?"

"ಗೆದ್ವಿ ಅಪ್ಪ."

"ಕಪ್ ಕೊಟ್ರಾ?"

"ಇಲ್ಲ. ಕಪ್ಪಿಗೆ ಇನ್ನೂ ಮೂರು ಸುತ್ತು ಇದೆ."

"ಮತ್ತೆ ಏನದು, ಹಿಂದೆ ಅಷ್ಟು ಗಲಾಟೆ?"

"ಟೇಬಲ್ಲಿನಲ್ಲಿ ಫಸ್ಟ್ ಬಂದ್ರು, ಅದಕ್ಕೆ."

ಗೇಟಿನ ಚಿಲಕ ತೆಗೆದ ಸದ್ದು ಕೇಳಿಸಿತು. ಎಲ್ಲೋ ಒಂದು ನಾಯಿ ಬೊಗಳಿತು.

"ಅಷ್ಟಕ್ಕೇ ಕುಣೀಬಹುದಾ? ಹಂಗಾದ್ರೆ ನಿನ್ನೆ ನಾವೂ ಒಂದು ಸ್ವಲ್ಪ ಕುಣೀಬಹುದಿತ್ತಲ್ಲೋ."