ಒಳಗಿನವರಿಗೇ ಬಿಲ್ ಹಾಕಿದಾಗ

ನಾನು ಕಾಸ್ಟ್ ಅಕೌಂಟೆಂಟ್. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಿನಲ್ಲೇ ಇದ್ದ ಪುಟ್ಟ ವಿಡಿಯೊ ಸ್ಟುಡಿಯೊಗೆ ಒಂದು ರೇಟ್ ಕಾರ್ಡ್ ಮಾಡಿಕೊಟ್ಟೆ. ಅಷ್ಟು ಅಚ್ಚುಕಟ್ಟಾದ ಎಕ್ಸೆಲ್ ಶೀಟ್ ನಾನು ಆಮೇಲೆ ಮಾಡಿಲ್ಲ. ಸ್ಟುಡಿಯೊ ಮುಚ್ಚಿದ್ದೂ ಅದರಿಂದಲೇ.

ಅದಕ್ಕೂ ಮೊದಲು ಸ್ಟುಡಿಯೊ ಎಲ್ಲರಿಗೂ ಪುಕ್ಕಟೆ. ಟ್ರೈನಿಂಗ್ ವಿಡಿಯೊ ಬೇಕಾದರೆ ಹೋಗಿ ಬಾಗಿಲು ತಟ್ಟಿದರಾಯಿತು. ಪುಕ್ಕಟೆ ಅಂದಮೇಲೆ ಕೇಳಬೇಕೆ? ಎರಡು ನಿಮಿಷದ ವಿಡಿಯೊಗೆ ಎಡಿಟರನ್ನು ಎರಡು ದಿನ ಕೂರಿಸಿಕೊಳ್ಳುತ್ತಿದ್ದರು. ಇದಕ್ಕೊಂದು ಕಡಿವಾಣ ಹಾಕಿ ಅಂತ ಮೇಲಿನವರು ಹೇಳಿದರು. ನಾನು ಬಾಡಿಗೆ, ಕರೆಂಟು, ಸಂಬಳ, ಕ್ಯಾಮೆರಾ ಸವಕಳಿ, ಹೆಡ್ ಆಫೀಸ್ ಖರ್ಚಿನ ಪಾಲು ಎಲ್ಲವನ್ನೂ ಕೂಡಿಸಿ ಗಂಟೆಗೆ ಇಷ್ಟು ಅಂತ ಬರೆದೆ. ಒಳಗೂ ಮಾಡಿಸಬಹುದು, ಹೊರಗೂ ಮಾಡಿಸಬಹುದು, ನಿಮ್ಮ ಬಜೆಟ್ ನಿಮ್ಮಿಷ್ಟ ಅಂತ ಮ್ಯಾನೇಜರುಗಳಿಗೆ ಮೇಲ್ ಹೋಯಿತು.

ನಮ್ಮ ಅಸಲಿ ಅಂಕಿ ಬೇಡ, ದುಂಡಗೆ ಹೇಳುತ್ತೇನೆ. ಸ್ಟುಡಿಯೊ ಖರ್ಚು ತಿಂಗಳಿಗೆ 4 ಲಕ್ಷ, ಬಳಕೆ 200 ಗಂಟೆ ಅಂದುಕೊಳ್ಳಿ. ಗಂಟೆಗೆ 2,000 ರೂಪಾಯಿ ಆಯಿತು. ಹೊರಗೆ 1,200ಕ್ಕೆ ಸಿಗುತ್ತದೆ. ಅರ್ಧ ಜನ ಹೊರಗೆ ಹೋದರು. ಬಾಡಿಗೆ, ಸಂಬಳ ಅರ್ಧ ಆಗಲಿಲ್ಲ ನೋಡಿ. ಅದೇ 4 ಲಕ್ಷವನ್ನು 100 ಗಂಟೆಗೆ ಹಂಚಿದರೆ ಗಂಟೆಗೆ 4,000. ಮುಂದಿನ ತಿಂಗಳು ಉಳಿದವರೂ ಹೊರಟರು. ಅರ್ಧ ಜನ ಹೋದಾಗಲೇ ಕಂಪನಿ 4 ಲಕ್ಷದ ಮೇಲೆ ಹೊರಗಿನವರಿಗೆ 1 ಲಕ್ಷ 20 ಸಾವಿರ ಕೊಡುತ್ತಿತ್ತು. ಆದರೆ ಪ್ರತಿ ಮ್ಯಾನೇಜರಿನ ಶೀಟಿನಲ್ಲೂ 'ಉಳಿತಾಯ' ಅಂತಲೇ ಇತ್ತು!

ಇದನ್ನು ನೋಡಿ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. 'ನೀವು ಬಿಬಿಸಿ ಮಾಡಿದ್ದನ್ನೇ ಮಾಡಿದ್ದೀರಿ. ಹೋಗಿ ಓದಿಕೊಳ್ಳಿ' ಅಂದರು. ಓದಿಕೊಂಡೆ. ಹೊಟ್ಟೆ ತಣ್ಣಗಾಗಲಿಲ್ಲ, ಇನ್ನೂ ಉರಿಯಿತು.

ಬಿಬಿಸಿ ಬ್ರಿಟನ್ನಿನ ಸಾರ್ವಜನಿಕ ಪ್ರಸಾರ ಸಂಸ್ಥೆ. ಅದು ನಡೆಯುವುದು ಮುಖ್ಯವಾಗಿ ಅಲ್ಲಿನ ಮನೆಗಳು ಕಟ್ಟುವ ಟಿವಿ ಲೈಸೆನ್ಸ್ ಶುಲ್ಕದಿಂದ. 1980ರ ದಶಕದಲ್ಲಿ ಥ್ಯಾಚರ್ ಸರ್ಕಾರಕ್ಕೆ ಅದು ದುಂದುಗಾರ ಸಂಸ್ಥೆಯಾಗಿ ಕಾಣುತ್ತಿತ್ತು. 1990ರ ಪ್ರಸಾರ ಕಾಯ್ದೆ ಬಂದ ಮೇಲೆ ಟಿವಿ ಕಾರ್ಯಕ್ರಮಗಳಲ್ಲಿ ಕನಿಷ್ಠ 25% ಹೊರಗಿನ ನಿರ್ಮಾಪಕರಿಂದ ಬರಬೇಕು ಅಂತ ಆಯಿತು. ಬಿಬಿಸಿಗೆ ಅಧಿಕಾರ ಕೊಡುವ ಸನದು, ಅಂದರೆ ಚಾರ್ಟರ್, ಬೇರೆ 1996ಕ್ಕೆ ಮುಗಿಯುವುದಿತ್ತು. ಲಂಡನ್ ವೀಕೆಂಡ್ ಟೆಲಿವಿಷನ್ ಅನ್ನುವ ಖಾಸಗಿ ಟಿವಿ ಕಂಪನಿಯಿಂದ 1987ರಲ್ಲಿ ಬಿಬಿಸಿಗೆ ಬಂದಿದ್ದ ಜಾನ್ ಬರ್ಟ್ ಇದಕ್ಕೆಲ್ಲ ಉತ್ತರವಾಗಿ ತಂದ ಯೋಜನೆಯೇ 'ಪ್ರೊಡ್ಯೂಸರ್ ಚಾಯ್ಸ್'. 1991ರಲ್ಲಿ ಘೋಷಣೆ, 1993ರ ಏಪ್ರಿಲ್‌ನಲ್ಲಿ ಜಾರಿ. ಆ ಹೊತ್ತಿಗೆ ಬರ್ಟ್ ಡೈರೆಕ್ಟರ್ ಜನರಲ್, ಅಂದರೆ ಬಿಬಿಸಿಯ ಮುಖ್ಯಸ್ಥ, ಆಗಿದ್ದರು.

ನಿರ್ಮಾಪಕರ ಕೈಗೆ ಪೂರ್ತಿ ದುಡ್ಡು ಕೊಡುವುದು. ಸ್ಟುಡಿಯೊ, ಸೆಟ್, ವೇಷಭೂಷಣ, ಲೈಬ್ರರಿ, ಎಲ್ಲ ವಿಭಾಗಗಳೂ ತಮ್ಮ ಪೂರ್ತಿ ಖರ್ಚು ಸೇರಿಸಿ ದರ ಹೇಳುವುದು. ನಿರ್ಮಾಪಕರು ಒಳಗೆ ಕೊಂಡರೂ ಸರಿ, ಹೊರಗೆ ಕೊಂಡರೂ ಸರಿ. ನನ್ನ ಮೇಲ್ ಇತ್ತಲ್ಲ, ಅದೇ!

ಬರ್ಟ್ ಅವರನ್ನು ಸುಮ್ನೆ ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಅದಕ್ಕೂ ಮೊದಲು ಒಂದು ಕಾರ್ಯಕ್ರಮಕ್ಕೆ ನಿಜವಾಗಿ ಎಷ್ಟು ಖರ್ಚಾಯಿತು ಅಂತ ಹೇಳುವವರು ಅಲ್ಲಿ ಸಿಗುತ್ತಿರಲಿಲ್ಲ. ಸ್ಟುಡಿಯೊಗಳು ಬೇಕಾದದ್ದಕ್ಕಿಂತ ಜಾಸ್ತಿ ಇದ್ದವು, ಅದು ಲೆಕ್ಕಕ್ಕೆ ಬಂದದ್ದೇ ಈ ಯೋಜನೆಯಿಂದ. ರೋಗ ನಿಜ. ಔಷಧಿಯ ಕಥೆ ಬೇರೆ.

ಆ ಕಾಲದ ಬಗ್ಗೆ ಎಲ್ಲರೂ ಹೇಳುವುದು ರೆಕಾರ್ಡ್ ಲೈಬ್ರರಿಯ ಕಥೆ. ಬಿಬಿಸಿಯದು ಭಾರಿ ಸಂಗ್ರಹ. ಅಲ್ಲಿಂದ ಒಂದು ಸಿಡಿ ಎರವಲು ತರುವುದಕ್ಕಿಂತ ಅಂಗಡಿಗೆ ಹೋಗಿ ಹೊಸದನ್ನೇ ಕೊಳ್ಳುವುದು ಅಗ್ಗವಾಯಿತಂತೆ. ನಿರ್ಮಾಪಕನ ಲೆಕ್ಕದಲ್ಲಿ ಇದು ಜಾಣತನ. ಸಂಸ್ಥೆಯ ಲೆಕ್ಕದಲ್ಲಿ? ಲೈಬ್ರರಿಯ ಕಪಾಟು, ಸಿಬ್ಬಂದಿ, ಬಾಡಿಗೆ ಎಲ್ಲ ಹಾಗೇ ಇದೆ, ಮೇಲೆ ಇನ್ನೊಂದು ಸಿಡಿಯ ಬೆಲೆ. ಆ ಸಿಡಿ ಕಾರ್ಯಕ್ರಮ ಮುಗಿದ ಮೇಲೆ ಯಾರದೋ ಡ್ರಾಯರ್‌ನಲ್ಲಿ ಉಳಿದರೆ ಮುಂದಿನವನು ಮತ್ತೆ ಅಂಗಡಿಗೇ ಹೋಗಬೇಕು.

ನನ್ನನ್ನು ಜಾಸ್ತಿ ಕಾಡಿದ್ದು ರೇಡಿಯೊಫೋನಿಕ್ ವರ್ಕ್‌ಶಾಪ್‌ನ ಕಥೆ. 1958ರಲ್ಲಿ ಲಂಡನ್ನಿನ ಮೈಡಾ ವೇಲ್‌ನಲ್ಲಿ ಶುರುವಾದ ವಿಭಾಗ. ನಾಟಕಗಳಿಗೆ, ಶಾಲಾ ಕಾರ್ಯಕ್ರಮಗಳಿಗೆ ವಿಚಿತ್ರ ಸದ್ದು, ಸಂಗೀತ ಮಾಡಿಕೊಡುವುದು ಅದರ ಕೆಲಸ. 1963ರಲ್ಲಿ ರಾನ್ ಗ್ರೈನರ್ ಬರೆದ ರಾಗವನ್ನು ಡೆಲಿಯಾ ಡರ್ಬಿಶೈರ್ ಅಲ್ಲಿ ಟೇಪ್ ಚೂರುಗಳನ್ನು ಕತ್ತರಿಸಿ, ಅಂಟಿಸಿ, 'ಡಾಕ್ಟರ್ ಹೂ' ಧಾರಾವಾಹಿಯ ಶೀರ್ಷಿಕೆ ಸಂಗೀತ ಮಾಡಿದರು. ಒಂದೊಂದು ಸ್ವರಕ್ಕೂ ಒಂದೊಂದು ಚೂರು ಟೇಪ್. ಈ ಕೆಲಸಕ್ಕೆ ಗಂಟೆಯ ದರ ಹಾಕಿ ನೋಡೋಣ! ಹೊಸ ಪದ್ಧತಿಯಲ್ಲಿ ವರ್ಕ್‌ಶಾಪ್‌ಗೆ ಐದು ವರ್ಷದೊಳಗೆ ತನ್ನ ಖರ್ಚು ತಾನೇ ದುಡಿಯಬೇಕು ಅಂತ ಆಯಿತು. ಅಷ್ಟರಲ್ಲಿ ಹೊರಗೆ ಮನೆಯಲ್ಲೇ ಸಿಂಥಸೈಜರ್ ಇಟ್ಟುಕೊಂಡ ಸಂಗೀತಗಾರರು ಬಂದಿದ್ದರು. ಅವರ ಬಿಲ್ಲಿನಲ್ಲಿ ಕಟ್ಟಡದ ಪಾಲು, ಹೆಡ್ ಆಫೀಸಿನ ಪಾಲು ಇರುವುದಿಲ್ಲ. 1998ರಲ್ಲಿ ವರ್ಕ್‌ಶಾಪ್ ಬಾಗಿಲು ಹಾಕಿತು.

ನಾಟಕಕಾರ ಡೆನಿಸ್ ಪಾಟರ್ 1993ರಲ್ಲಿ ಎಡಿನ್‌ಬರೊ ಭಾಷಣದಲ್ಲಿ ಬರ್ಟ್ ಮತ್ತು ಚೇರ್ಮನ್ ಮಾರ್ಮಡ್ಯೂಕ್ ಹಸಿ ಇಬ್ಬರನ್ನೂ ಡಾಲೆಕ್‌ಗಳಿಗೆ ಹೋಲಿಸಿದ್ದರು. ಡಾಲೆಕ್ ಅಂದರೆ ಅದೇ 'ಡಾಕ್ಟರ್ ಹೂ'ದಲ್ಲಿ ಕರ್ಕಶ ದನಿಯಲ್ಲಿ ಮಾತಾಡುವ ಲೋಹದ ಖಳರು. ಆ ದನಿಯೂ ಈ ವರ್ಕ್‌ಶಾಪ್‌ನದೇ ಕೆಲಸ.

ಇನ್ನೊಂದು ಖರ್ಚು ಕಣ್ಣಿಗೆ ಬೀಳುವುದು ನಿಧಾನ. ಒಳಗೇ ಕೊಡುಕೊಳ್ಳುವಿಕೆ ಅಂದರೆ ಪ್ರತಿ ಕೆಲಸಕ್ಕೂ ಕೊಟೇಶನ್, ಬಿಲ್, ಜಗಳ, ಜಗಳ ಬಿಡಿಸುವವರು. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲೇ ಇದನ್ನು ಬರೆದಿದ್ದರು. ಮಾರುಕಟ್ಟೆಯಲ್ಲಿ ವ್ಯವಹಾರ ಮಾಡುವುದಕ್ಕೇ ಖರ್ಚಿದೆ, ಆ ಖರ್ಚು ತಪ್ಪಿಸಲೆಂದೇ ಕಂಪನಿ ಅನ್ನುವುದು ಇರುತ್ತದೆ ಅಂತ. ತಮಾಷೆ ಏನೆಂದರೆ ಅವರಿಗೆ ನೊಬೆಲ್ ಬಂದದ್ದು 1991ರಲ್ಲಿ, ಪ್ರೊಡ್ಯೂಸರ್ ಚಾಯ್ಸ್ ಘೋಷಣೆಯಾದ ವರ್ಷವೇ. 2000ದಲ್ಲಿ ಬರ್ಟ್ ನಂತರ ಬಂದ ಗ್ರೆಗ್ ಡೈಕ್ ಈ ಒಳಸಂತೆಯನ್ನು ಬಹುಮಟ್ಟಿಗೆ ಬಿಚ್ಚಿಹಾಕಿದರು. ಬಿಬಿಸಿಯ ಆಡಳಿತದ ಖರ್ಚಿಗೇ ಆದಾಯದ 24% ಹೋಗುತ್ತಿದೆ, ಅದನ್ನು 15%ಕ್ಕೆ ಇಳಿಸಬೇಕು ಅಂತ ಗುರಿ ಇಟ್ಟರು.

ಇಷ್ಟು ಓದಿಕೊಂಡು ನಮ್ಮ ಎಡಿಟರ್ ಹತ್ತಿರ ಹೋಗಿ ಕೂತೆ. ಅವರು ಒಂದು ಮಾತು ಹೇಳಿದರು. 'ಸಾರ್, ಮೊದಲು ಯಾರಾದರೂ ಮೈಕ್ ಸರಿ ಇಲ್ಲ ಅಂತ ಬಂದರೆ ಐದು ನಿಮಿಷದಲ್ಲಿ ನೋಡಿ ಕಳಿಸ್ತಿದ್ದೆ. ಈಗ ಬಜೆಟ್ ಕೋಡ್ ಕೇಳಬೇಕು. ಕೋಡ್ ಕೇಳಿದ ತಕ್ಷಣ ವಾಪಸ್ ಹೋಗಿಬಿಡ್ತಾರೆ.' ನನ್ನ ರೇಟ್ ಕಾರ್ಡಿನ ಕೊನೆ ಸಾಲಿನಲ್ಲಿ ಕನಿಷ್ಠ ಬಿಲ್ಲಿಂಗ್ ಒಂದು ಗಂಟೆ ಅಂತ ಇತ್ತು. ಆ ಐದು ನಿಮಿಷಗಳು ನನ್ನ ಶೀಟಿನ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಆಮೇಲೆ ಪದ್ಧತಿ ಬದಲಿಸಿದೆ. ಈಗ ಇಂಥ ವಿಭಾಗಗಳ ಸ್ಥಿರ ಖರ್ಚನ್ನು ವರ್ಷಕ್ಕೊಮ್ಮೆ ಎಲ್ಲರಿಗೂ ಹಂಚುತ್ತೇನೆ, ಅವರು ಬಳಸಲಿ ಬಿಡಲಿ. ಕೆಲಸಕ್ಕೆ ಹಾಕುವ ದರದಲ್ಲಿ ಆ ಕೆಲಸದಿಂದ ಹೆಚ್ಚಾಗುವ ಖರ್ಚು ಮಾತ್ರ ಇರುತ್ತದೆ. ಅರ್ಧ ಗಂಟೆಯೊಳಗಿನ ಕೆಲಸಕ್ಕೆ ಬಿಲ್ಲೇ ಇಲ್ಲ. ಪ್ರಿಂಟಿಂಗ್ ವಿಭಾಗದಲ್ಲಿ ಇದು ಚೆನ್ನಾಗಿಯೇ ನಡೆಯುತ್ತಿದೆ. ಸ್ಟುಡಿಯೊಗೆ ಮಾತ್ರ ತಡವಾಗಿತ್ತು. ಆ ಜಾಗದಲ್ಲಿ ಈಗ ಮೀಟಿಂಗ್ ರೂಮ್ ಇದೆ.

ಎಡಿಟರ್ ಕೆಲಸ ಬಿಟ್ಟು ಹೋಗಿ ಸ್ವಂತ ಸ್ಟುಡಿಯೊ ಮಾಡಿದ್ದಾರೆ. ನಮ್ಮ ವಿಡಿಯೊಗಳು ಈಗ ಅವರಲ್ಲಿಗೇ ಹೋಗುತ್ತವೆ. ಹೋದ ತಿಂಗಳು ಅವರ ಇನ್‌ವಾಯ್ಸ್ ನನ್ನ ಟೇಬಲ್ಲಿಗೆ ಬಂತು, ಜಿಎಸ್‌ಟಿ ಸೇರಿಸಿ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಕನಿಷ್ಠ ಬಿಲ್ಲಿಂಗ್ ಒಂದು ಗಂಟೆ. ಸಹಿ ಹಾಕಿ ಕಳಿಸಿದೆ.